ಬೋಟ್ ಟ್ರೇಲರ್‌ಗೆ ಒಂದು ಆಕ್ಸಲ್ ಸಾಕಾ, ಎರಡು ಬೇಕಾ?

ಮಿಶಿಗನ್‌ನಲ್ಲಿ ಹಿಮ ಕರಗಿತು ಅಂದರೆ ನಮ್ಮ ಕನ್ನಡದ ಮನೆಗಳಲ್ಲೂ ಬೋಟಿನ ಮಾತು ಶುರು. 11,000ಕ್ಕೂ ಹೆಚ್ಚು ಕೆರೆಗಳಿರುವ ರಾಜ್ಯ ಇದು. ಸುತ್ತಲೂ ಸಮುದ್ರದಂಥ ಗ್ರೇಟ್ ಲೇಕ್‌ಗಳು. ಆಸೆ ಹುಟ್ಟದೆ ಇರುತ್ತಾ? ಬೋಟು ನೋಡಲು ಹೋದವರು ಇಂಜಿನ್ ಎಷ್ಟು ಹಾರ್ಸ್‌ಪವರ್, ಎಷ್ಟು ಜನ ಕೂರಬಹುದು, ಸ್ಪೀಕರ್ ಚೆನ್ನಾಗಿದೆಯಾ ಅಂತೆಲ್ಲ ಕೇಳುತ್ತಾರೆ. ಕೆಳಗಿರುವ ಟ್ರೇಲರ್ ಕಡೆ ಬಗ್ಗಿ ನೋಡುವವರು ಕಡಿಮೆ. ನಾನೂ ನೋಡಿರಲಿಲ್ಲ.

ಎರಡನೇ ಬೇಸಿಗೆಯಲ್ಲಿ ಹೋಟನ್ ಲೇಕ್‌ಗೆ ಹೊರಟಿದ್ದೆವು. ಐ-75ರಲ್ಲಿ ಬೇ ಸಿಟಿ ದಾಟಿದ ಮೇಲೆ ಹಿಂದಿನಿಂದ ಢಬ್ ಅಂತ ಸದ್ದು. ಕನ್ನಡಿಯಲ್ಲಿ ನೋಡಿದರೆ ಟೈರಿನ ಚೂರುಗಳು ಹಾರುತ್ತಿವೆ, ಬೋಟು ಬಲಕ್ಕೆ ವಾಲಿದೆ. ಹೇಗೋ ರಸ್ತೆಯ ಅಂಚಿಗೆ ತಂದು ನಿಲ್ಲಿಸಿದೆ. ಸ್ಟೆಪ್ನಿ ಇತ್ತು. ಆದರೆ ಕಾರಿನ ಜ್ಯಾಕ್ ಟ್ರೇಲರ್ ಕೆಳಗೆ ತೂರಲಿಲ್ಲ. ಎರಡು ಗಂಟೆ ನಿಂತೆವು. ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದಾಗಲೆಲ್ಲ ಕಾರು, ಬೋಟು, ನಾವು, ಎಲ್ಲ ಸೇರಿ ನಡುಗುತ್ತಿದ್ದೆವು. ಮಾರಿದವರು "ಟೈರ್ ಹೊಸದರ ಹಾಗೇ ಇದೆ" ಅಂದಿದ್ದರು. ಹಲ್ಲು ನೋಡಿದರೆ ಹೊಸದೇ. ಪಕ್ಕದಲ್ಲಿ ಅಚ್ಚಾಗಿದ್ದ ತಾರೀಕು ನೋಡಿದರೆ ಒಂಬತ್ತು ವರ್ಷದ್ದು.

ಆವತ್ತಿನಿಂದ ಬೋಟು ಕೊಳ್ಳುವ ಸ್ನೇಹಿತರಿಗೆಲ್ಲ ನಾನು ಟ್ರೇಲರ್ ಬಗ್ಗೆಯೇ ಕೊರೆಯುತ್ತೇನೆ. ಎಲ್ಲರೂ ಕೇಳುವುದು ಒಂದೇ: ಸಿಂಗಲ್ ಆಕ್ಸಲ್ ತಗೊಳ್ಳಲಾ, ಟ್ಯಾಂಡಮ್ ತಗೊಳ್ಳಲಾ? ಸಿಂಗಲ್ ಅಂದರೆ ಒಂದು ಆಕ್ಸಲ್ (ಚಕ್ರ ಕೂರುವ ಅಚ್ಚು), ಎರಡು ಚಕ್ರ. ಟ್ಯಾಂಡಮ್ ಅಂದರೆ ಒಂದರ ಹಿಂದೆ ಒಂದು ಆಕ್ಸಲ್, ನಾಲ್ಕು ಚಕ್ರ. "20 ಅಡಿಗಿಂತ ಉದ್ದ ಇದ್ದರೆ ಟ್ಯಾಂಡಮ್, ಇಲ್ಲದಿದ್ದರೆ ಸಿಂಗಲ್" ಅಂತ ಅಂಗಡಿಯವರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಉದ್ದ ನೋಡಿ ತೀರ್ಮಾನ ಮಾಡಬೇಡಿ. ತೂಕ ನೋಡಿ, ಆಮೇಲೆ ನಿಮ್ಮ ಕಾರು ನೋಡಿ, ಆಮೇಲೆ ನಿಮ್ಮ ಡ್ರೈವ್‌ವೇ ನೋಡಿ. ಅದೇ ಕ್ರಮದಲ್ಲಿ ಹೋಗೋಣ.

ಹೆಜ್ಜೆ 1: ಬೋಟಿನ ನಿಜವಾದ ತೂಕ ಲೆಕ್ಕ ಹಾಕಿ

ಕೆಲಸದ ಮುಕ್ಕಾಲು ಪಾಲು ಇಲ್ಲೇ ಇದೆ, ಅವಸರ ಬೇಡ.

ಬ್ರೋಷರ್‌ನಲ್ಲಿ ಬರೆದಿರುವುದು ಡ್ರೈ ವೇಟ್. ಅಂದರೆ ಪೆಟ್ರೋಲ್ ಇಲ್ಲ, ಬ್ಯಾಟರಿ ಇಲ್ಲ, ಸಾಮಾನಿಲ್ಲ. ಇಂಜಿನ್ ಒಳಗೇ ಕೂತಿರುವ ಸ್ಟರ್ನ್‌ಡ್ರೈವ್ ಬೋಟುಗಳಲ್ಲಿ ಸಾಮಾನ್ಯವಾಗಿ ಇಂಜಿನ್ ತೂಕ ಸೇರಿರುತ್ತದೆ. ಹಿಂದೆ ನೇತುಹಾಕುವ ಔಟ್‌ಬೋರ್ಡ್ ಬೋಟುಗಳಲ್ಲಿ ಎಷ್ಟೋ ಸಲ ಅದೂ ಸೇರಿರುವುದಿಲ್ಲ. ಇದನ್ನು ಬಾಯಿಬಿಟ್ಟು ಕೇಳಿ.

ನನ್ನದು 18 ಅಡಿಯ ಅಲ್ಯೂಮಿನಿಯಂ ಬೋಟು. ಮೀನು ಹಿಡಿಯುವುದು ನನಗೆ, ಟ್ಯೂಬ್ ಮೇಲೆ ಕೂತು ಎಳೆಸಿಕೊಳ್ಳುವುದು ಮಕ್ಕಳಿಗೆ. ಅದರ ಲೆಕ್ಕ ನೋಡಿ. ಎಲ್ಲ ಪೌಂಡ್‌ನಲ್ಲಿ (2.2 ಪೌಂಡ್ ಅಂದರೆ ಒಂದು ಕೆಜಿ):

ಬೋಟಿನ ಹಲ್ (ಬರೀ ಒಡಲು): 1,750
ಮರ್ಕ್ಯುರಿ 150 ಫೋರ್‌ಸ್ಟ್ರೋಕ್ ಇಂಜಿನ್: 455
ಪೆಟ್ರೋಲ್ 38 ಗ್ಯಾಲನ್, ಗ್ಯಾಲನ್‌ಗೆ ಸುಮಾರು 6.1ರಂತೆ: 232
ನಾಲ್ಕು ಬ್ಯಾಟರಿ, ಒಂದಕ್ಕೆ 60ರಂತೆ: 240
ಟ್ರೋಲಿಂಗ್ ಮೋಟರ್ (ಮೀನು ಹಿಡಿಯುವಾಗ ಮೆಲ್ಲಗೆ ಸಾಗಲು ಬ್ಯಾಟರಿಯ ಚಿಕ್ಕ ಮೋಟರ್): 70
ಲಂಗರು, ಹಗ್ಗ, ಲೈಫ್ ಜಾಕೆಟ್, ಗಾಳ, ಕೂಲರ್: 200
ಟ್ರೇಲರ್‌ನ ಸ್ವಂತ ತೂಕ: 850

ಒಟ್ಟು 3,797. ಬ್ರೋಷರ್‌ನಲ್ಲಿದ್ದ 1,750 ಎಲ್ಲಿ, ಇದೆಲ್ಲಿ! ಎರಡರಷ್ಟಕ್ಕಿಂತ ಜಾಸ್ತಿ ಆಯಿತು.

ಇದಿನ್ನೂ ಅಂದಾಜು. ನಿಜ ತಿಳಿಯಬೇಕಾದರೆ ತೂಕದ ಸೇತುವೆಗೇ ಹೋಗಬೇಕು. ಹೈವೇ ಪಕ್ಕದ ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅಂತ ಬೋರ್ಡ್ ಇರುತ್ತದೆ. ಲಾರಿಗಳಿಗೆ ಮಾತ್ರ ಅಂತ ಹೆದರಬೇಡಿ, ಯಾರು ಬೇಕಾದರೂ ತೂಗಿಸಬಹುದು. ಕಾರಿನ ಮುಂದಿನ ಚಕ್ರ ಒಂದು ಹಲಗೆಯ ಮೇಲೆ, ಹಿಂದಿನ ಚಕ್ರ ಎರಡನೆಯದರ ಮೇಲೆ, ಟ್ರೇಲರ್ ಮೂರನೆಯದರ ಮೇಲೆ ಬರುವ ಹಾಗೆ ನಿಲ್ಲಿಸಬೇಕು. ಚೀಟಿ ಕೊಡುತ್ತಾರೆ. ಆಮೇಲೆ ಟ್ರೇಲರ್ ಬಿಚ್ಚಿ, ಪಾರ್ಕಿಂಗ್‌ನಲ್ಲಿ ಬಿಟ್ಟು, ಕಾರನ್ನು ಮಾತ್ರ ಇನ್ನೊಂದು ಸಲ ತೂಗಿಸಿ. ಎರಡು ಸಲವೂ ಅದೇ ಜನ ಕಾರಿನಲ್ಲಿರಬೇಕು ಅನ್ನುವುದು ಮರೆಯಬೇಡಿ.

ನನ್ನ ಚೀಟಿ ಹೀಗಿತ್ತು. ಕಾರು, ಟ್ರೇಲರ್ ಎರಡೂ ಸೇರಿ 8,420. ಕಾರು ಮಾತ್ರ 4,540. ಕಳೆದರೆ ಟ್ರೇಲರ್ ಮತ್ತು ಬೋಟು 3,880. ಅಂದಾಜಿಗಿಂತ 83 ಪೌಂಡ್ ಜಾಸ್ತಿ. ಮನೆಗೆ ಬಂದು ಬೋಟಿನ ಡಬ್ಬಗಳನ್ನೆಲ್ಲ ಬಿಚ್ಚಿ ನೋಡಿದೆ. ಹೋದ ವರ್ಷದ ಇದ್ದಿಲ ಮೂಟೆ, ನಾಲ್ಕು ಮಡಚುವ ಕುರ್ಚಿ, ಅರ್ಧ ಕೇಸ್ ನೀರಿನ ಬಾಟಲಿ, ಬಿಸಿಬೇಳೆ ಬಾತ್ ತಂದಿದ್ದ ಸ್ಟೀಲ್ ಡಬ್ಬಿ! ಅದನ್ನು ಮನೆಯಲ್ಲಿ ಎರಡು ತಿಂಗಳಿಂದ ಹುಡುಕುತ್ತಿದ್ದರು.

ಇನ್ನೂ ಬೋಟು ಕೊಂಡಿಲ್ಲದವರು ಅಂದಾಜಿನ ಮೇಲೆ ನೂರೋ ನೂರೈವತ್ತೋ ಪೌಂಡ್ ಸೇರಿಸಿಕೊಳ್ಳಿ. ಸಂಸಾರ ಇದ್ದ ಮೇಲೆ ಸಾಮಾನು ಸೇರುತ್ತದೆ.

ಹೆಜ್ಜೆ 2: ಟ್ರೇಲರ್‌ನ ತಗಡಿನ ಮೇಲೆ ಏನಿದೆ ಓದಿ

ಟ್ರೇಲರ್‌ನ ಎಡಗಡೆ, ಮುಂಭಾಗದಲ್ಲಿ ಒಂದು ಪಟ್ಟಿ ಅಂಟಿಸಿರುತ್ತಾರೆ. ಅದರಲ್ಲಿ ಜಿವಿಡಬ್ಲ್ಯೂಆರ್ ಅಂತ ಒಂದು ಸಂಖ್ಯೆ ಇದೆ. ಟ್ರೇಲರ್‌ನ ಸ್ವಂತ ತೂಕವೂ ಸೇರಿ ಒಟ್ಟು ಇಷ್ಟಕ್ಕಿಂತ ಜಾಸ್ತಿ ಆಗಬಾರದು ಅನ್ನುವ ಮಿತಿ ಅದು. ತುಂಬ ಜನ ಇದನ್ನು "ಇಷ್ಟು ತೂಕದ ಬೋಟು ಹೊರಬಹುದು" ಅಂತ ಓದಿಕೊಂಡು ಎಡವುತ್ತಾರೆ. ಬೋಟಿಗೆ ಸಿಗುವುದು ಇದರಲ್ಲಿ ಟ್ರೇಲರ್ ತೂಕ ಕಳೆದು ಉಳಿದದ್ದು ಮಾತ್ರ.

ಆಕ್ಸಲ್‌ಗೆ ಬೇರೆ ಮಿತಿ ಇದೆ. ತೀರಾ ಸಾಮಾನ್ಯವಾಗಿ ಸಿಗುವುದು 3,500 ಪೌಂಡ್‌ನ ಆಕ್ಸಲ್. ಅಂಥವು ಎರಡು ಇದ್ದರೆ 7,000. ಟೈರಿಗೂ ಒಂದು ಮಿತಿ ಇದೆ. 14 ಇಂಚಿನ ಚಕ್ರದ ಟ್ರೇಲರ್‌ಗಳಲ್ಲಿ ಹೆಚ್ಚಾಗಿ ಕಾಣುವ ಎಸ್‌ಟಿ 205/75ಆರ್14 (ಎಸ್‌ಟಿ ಅಂದರೆ ಟ್ರೇಲರ್‌ಗೆಂದೇ ಮಾಡಿದ್ದು), ಲೋಡ್ ರೇಂಜ್ ಅಂದರೆ ಭಾರದ ದರ್ಜೆ ಸಿ ಇರುವ ಟೈರು 50 ಪಿಎಸ್‌ಐ ಗಾಳಿಗೆ 1,760 ಪೌಂಡ್ ಹೊರುತ್ತದೆ. ಎರಡು ಸೇರಿ 3,520. ಗಾಳಿ ಕಡಿಮೆ ಇದ್ದರೆ ಅಷ್ಟೂ ಹೊರುವುದಿಲ್ಲ.

ನನ್ನ ಹಳೇ ಟ್ರೇಲರ್‌ನ ಪಟ್ಟಿಯಲ್ಲಿ 3,650 ಇತ್ತು. ಆಕ್ಸಲ್ 3,500, ಒಟ್ಟು ಮಿತಿ 3,650 ಹೇಗೆ ಅಂತ ಕೇಳಬಹುದು. ಒಂದಿಷ್ಟು ಭಾರ ಟ್ರೇಲರ್‌ನ ಮೂತಿಯ ಮೂಲಕ ಕಾರಿನ ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಕೂರುತ್ತದೆ, ಅದಕ್ಕೇ. ನನ್ನ ಚೀಟಿಯಲ್ಲಿ ಟ್ರೇಲರ್ ಚಕ್ರದ ಹಲಗೆ ತೋರಿಸಿದ್ದು 3,520. ಅಂದರೆ ಆಕ್ಸಲ್ ಮಿತಿಗಿಂತ 20 ಜಾಸ್ತಿ. ಪಟ್ಟಿಯ ಮಿತಿಗಿಂತ 230 ಜಾಸ್ತಿ. ಟೈರಿನ ಮಿತಿಗೆ ಸರಿಯಾಗಿ ಅಷ್ಟೇ, ಒಂದು ಪೌಂಡೂ ಬಾಕಿ ಇಲ್ಲ. ಒಂಬತ್ತು ವರ್ಷದ ಟೈರು, ಜುಲೈ ಬಿಸಿಲು, ಗಂಟೆಗೆ 70 ಮೈಲಿ. ಸಿಡಿಯದೆ ಏನು ಮಾಡೀತು?

ಮಿತಿಯ ಹತ್ತಿರ ಹೋಗಬೇಡಿ. ನೂರಕ್ಕೆ 15-20 ಭಾಗ ಉಳಿದಿರಲಿ. ಈ ಒಂದು ನಿಯಮ ಇಟ್ಟುಕೊಂಡರೆ ಅರ್ಧ ಗೊಂದಲ ಇಲ್ಲಿಗೇ ಮುಗಿಯುತ್ತದೆ. ನಿಮ್ಮ ಒಟ್ಟು ತೂಕ 3,000 ಪೌಂಡ್ ಒಳಗಿದ್ದರೆ ಸಿಂಗಲ್ ಧಾರಾಳವಾಗಿ ಸಾಕು. 4,500 ದಾಟಿದರೆ ಟ್ಯಾಂಡಮ್ ತಗೊಳ್ಳಿ, ಮುಂದಿನ ಹೆಜ್ಜೆಗಳನ್ನು ಕಾರಿಗಾಗಿ ಮತ್ತು ಜಾಗಕ್ಕಾಗಿ ಮಾತ್ರ ಓದಿ. ತಲೆನೋವು ಇರುವುದು ನಡುವಿನವರಿಗೆ, ಅಂದರೆ ನನ್ನಂಥವರಿಗೆ. 5,000 ಪೌಂಡ್ ಹೊರುವ ದಪ್ಪ ಸಿಂಗಲ್ ಆಕ್ಸಲ್ ಕೂಡ ಸಿಗುತ್ತದೆ ಅನ್ನುವುದು ಗೊತ್ತಿರಲಿ. ನಡುವಿನವರಿಗೆ ಅದೂ ಒಂದು ದಾರಿ.

ಹೆಜ್ಜೆ 3: ಎಳೆಯುವ ಕಾರಿಗೆ ಶಕ್ತಿ ಇದೆಯಾ?

ನಮ್ಮವರ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಗಾಡಿಗಳು: ಹೋಂಡಾ ಒಡಿಸ್ಸಿ, ಟೊಯೊಟಾ ಸಿಯೆನ್ನಾ, ಟೆಸ್ಲಾ ಮಾಡೆಲ್ ವೈ. ಅಮೆರಿಕದಲ್ಲಿ ಈ ಮೂರಕ್ಕೂ ಎಳೆಯುವ ಮಿತಿ 3,500 ಪೌಂಡ್. ಹೋಂಡಾ ಪೈಲಟ್ ಆಲ್‌ವೀಲ್ ಡ್ರೈವ್ ಆದರೆ 5,000. ನಿಮ್ಮ ಗಾಡಿಯ ಪುಸ್ತಕ ತೆಗೆದು ನೋಡಿ. ಒಂದೇ ಹೆಸರಿನ ಕಾರಿನಲ್ಲಿ ವರ್ಷ, ಇಂಜಿನ್, ಹಿಚ್ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ.

ಟ್ಯಾಂಡಮ್ ಟ್ರೇಲರ್‌ಗೆ ಇನ್ನೊಂದು ಆಕ್ಸಲ್, ಎರಡು ಚಕ್ರ, ಬ್ರೇಕು ಎಲ್ಲ ಸೇರಿ ತೂಕ ಏರುತ್ತದೆ. ಸುಮ್ನೆ ಇನ್ನೂರೈವತ್ತು ಮುನ್ನೂರು ಪೌಂಡ್ ಅಂತಿಟ್ಟುಕೊಳ್ಳಿ. ಅಷ್ಟನ್ನೂ ಎಳೆಯುವುದು ನಿಮ್ಮ ಕಾರೇ. ಹಾಗಾಗಿ ಮಿನಿವ್ಯಾನ್ ಇಟ್ಟುಕೊಂಡವರು "ಸೇಫ್ಟಿ ಜಾಸ್ತಿ" ಅಂತ ಟ್ಯಾಂಡಮ್ ಕೊಂಡರೆ, ಟ್ರೇಲರ್ ಗಟ್ಟಿಯಾಗಿ ಕಾರು ಸೋಲುತ್ತದೆ. ಟ್ಯಾಂಡಮ್ ಬೇಕಾಗುವಷ್ಟು ತೂಕದ ಬೋಟಿಗೆ 5,000 ಮಿತಿಯ ಎಸ್‌ಯುವಿಯೂ ಬಿಗಿಯೇ. ಪಿಕಪ್ಪೋ ದೊಡ್ಡ ಎಸ್‌ಯುವಿಯೋ ಇದ್ದರೆ ಮಾತ್ರ ಆ ಕಡೆ ತಲೆ ಹಾಕಿ.

ಇನ್ನು ಮೂತಿ ಭಾರ. ಇಂಗ್ಲಿಷಿನವರು ಟಂಗ್ ವೇಟ್ ಅನ್ನುತ್ತಾರೆ. ಎತ್ತಿನ ಗಾಡಿ ಹೂಡಿದವರ ಮನೆಯಿಂದ ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎತ್ತಿನ ಗಾಡಿಯೂ ಒಂದೇ ಅಚ್ಚಿನದು ತಾನೆ? ಹುಲ್ಲು ಹೇರುವಾಗ ಹಿಂಭಾರ ಆದರೆ ಮೂಕಿ ಮೇಲೆದ್ದು ಎತ್ತಿನ ಕುತ್ತಿಗೆ ಬಿಗಿಯುತ್ತದೆ. ಮುಂಭಾರ ಆದರೆ ನೊಗ ಅದುಮಿ ಎತ್ತು ಕುಸಿಯುತ್ತದೆ. ಒಂದು ಮೂಟೆ ಹಿಂದೆ ಮುಂದೆ ಸರಿಸಿ ಹದ ಮಾಡುತ್ತಿದ್ದರು. ಟ್ರೇಲರ್‌ನಲ್ಲೂ ಅದೇ ಹದ. ಒಟ್ಟು ತೂಕದ ನೂರಕ್ಕೆ ಸುಮಾರು 10 ಭಾಗ ಹಿಚ್ ಮೇಲೆ ಕೂರಬೇಕು. ಬೋಟ್ ಟ್ರೇಲರ್‌ಗಳಲ್ಲಿ ಸ್ವಲ್ಪ ಕಡಿಮೆ ಹೇಳುವ ಕಂಪನಿಗಳೂ ಇವೆ, ಅವರ ಪುಸ್ತಕದಲ್ಲಿರುವುದೇ ಕೊನೆಯ ಮಾತು. ನನ್ನದು 3,880ರಲ್ಲಿ 360, ಅಂದರೆ ನೂರಕ್ಕೆ 9 ಚಿಲ್ಲರೆ.

ಮನೆಯಲ್ಲೇ ಅಳೆಯಬಹುದು. ಒಂದು ಗಟ್ಟಿ ಮರದ ತೊಲೆ ತಗೊಳ್ಳಿ. ಒಂದು ತುದಿ ಇಟ್ಟಿಗೆಯ ಮೇಲೆ, ಇನ್ನೊಂದು ತುದಿ ಮನೆಯ ತೂಕದ ಮಷೀನಿನ ಮೇಲೆ. ಟ್ರೇಲರ್‌ನ ಮೂತಿಯನ್ನು ಇಟ್ಟಿಗೆಯಿಂದ ಒಂದು ಅಡಿ, ಮಷೀನಿನಿಂದ ಎರಡು ಅಡಿ ದೂರಕ್ಕೆ ಬರುವ ಹಾಗೆ ತೊಲೆಯ ಮೇಲೆ ಇಳಿಸಿ. ಟ್ರೇಲರ್ ಮಟ್ಟಸವಾಗಿರಲಿ, ಚಕ್ರಕ್ಕೆ ಅಡ್ಡಗಟ್ಟೆ ಇಟ್ಟಿರಲಿ. ಮಷೀನು ತೋರಿಸಿದ್ದನ್ನು ಮೂರರಿಂದ ಗುಣಿಸಿದರೆ ಮೂತಿ ಭಾರ. ಬರಿ ತೊಲೆ ಇಟ್ಟಾಗ ತೋರಿಸುವ ತೂಕವನ್ನು ಮೊದಲೇ ಕಳೆದುಕೊಳ್ಳಿ.

ಈ ಭಾರ ಕಾರಿನಲ್ಲಿ ಕೂತ ಜನ, ಸಾಮಾನಿನ ಲೆಕ್ಕಕ್ಕೂ ಸೇರುತ್ತದೆ. ಸಿಯೆನ್ನಾದಲ್ಲಿ ಅಪ್ಪ ಅಮ್ಮ, ಮಕ್ಕಳು, ಊರಿಂದ ಬಂದ ಅಜ್ಜ ಅಜ್ಜಿ, ಮೇಲೆ ಮೂತಿ ಭಾರ. ಬಾಗಿಲ ಪಟ್ಟಿಯಲ್ಲಿ ಬರೆದ ಪೇಲೋಡ್ (ಕಾರು ಹೊರಬಹುದಾದ ಭಾರ) ಎಲ್ಲಿ ಮುಗಿಯಿತು ಅಂತ ಗೊತ್ತೇ ಆಗುವುದಿಲ್ಲ.

ಹೆಜ್ಜೆ 4: ಎಲ್ಲಿ ನಿಲ್ಲಿಸುತ್ತೀರಿ?

ಮೊದಲು ನಿಮ್ಮ ಎಚ್‌ಒಎ (ಬಡಾವಣೆಯ ಮನೆಮಾಲೀಕರ ಸಂಘ) ನಿಯಮ ಓದಿ. ನಮ್ಮ ಜನ ಹೆಚ್ಚಾಗಿರುವ ಬಡಾವಣೆಗಳಲ್ಲಿ ಡ್ರೈವ್‌ವೇ ಮೇಲೆ ಬೋಟು ನಿಲ್ಲಿಸಲು ಬಿಡದವೇ ಜಾಸ್ತಿ. ಆಗ ಉಳಿಯುವುದು ಗ್ಯಾರೇಜು ಅಥವಾ ಬಾಡಿಗೆಯ ಸ್ಟೋರೇಜು.

ಗ್ಯಾರೇಜ್ ಅಂದರೆ ಸಿಂಗಲ್ ಗೆಲ್ಲುತ್ತದೆ, ಸಂಶಯವೇ ಬೇಡ. ಹಗುರದ ಸಿಂಗಲ್ ಟ್ರೇಲರ್ ಆದರೆ ಮೂತಿಗೆ ಚಕ್ರದ ಜ್ಯಾಕ್ ಹಾಕಿ, ಇಬ್ಬರು ಸೇರಿ, ಸಪಾಟು ನೆಲದಲ್ಲಿ ನಿಂತಲ್ಲೇ ತಿರುಗಿಸಬಹುದು. ಟ್ಯಾಂಡಮ್ ಹಾಗೆ ತಿರುಗುವುದಿಲ್ಲ. ನಾಲ್ಕು ಚಕ್ರ ನೆಲ ಕಚ್ಚಿಕೊಂಡಿರುತ್ತವೆ. ತಿರುಗಬೇಕಾದರೆ ಒಂದು ಜೊತೆಯಾದರೂ ಅಡ್ಡಡ್ಡ ಉಜ್ಜಿಕೊಂಡೇ ಬರಬೇಕು. ಕಾರಿನಿಂದ ಬಿಗಿಯಾಗಿ ತಿರುಗಿಸುವಾಗಲೂ ಅಷ್ಟೇ. ಟೈರಿನ ಪಕ್ಕ ಮಡಚಿಕೊಳ್ಳುವುದು ಕಣ್ಣಿಗೆ ಕಾಣುತ್ತದೆ. ಆಗಸ್ಟ್ ಬಿಸಿಲಿಗೆ ಮೆತ್ತಗಾದ ಡಾಂಬರಿನ ಡ್ರೈವ್‌ವೇ ಮೇಲೆ ಕಪ್ಪು ಅರ್ಧಚಂದ್ರ ಬರೆದುಬಿಡುತ್ತದೆ.

ಹಿಮ್ಮುಖ ಹೋಗುವುದರಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಚಿಕ್ಕ ಸಿಂಗಲ್ ಟ್ರೇಲರ್ ಸ್ಟಿಯರಿಂಗ್ ಅಲ್ಲಾಡಿಸಿದ ತಕ್ಷಣ ಮಡಚಿಕೊಳ್ಳುತ್ತದೆ. ಉದ್ದದ ಟ್ಯಾಂಡಮ್ ನಿಧಾನಕ್ಕೆ, ಹೇಳಿದ ಮಾತು ಕೇಳಿಕೊಂಡು ಹೋಗುತ್ತದೆ. ಕಲಿಯುವವರಿಗೆ ಚಿಕ್ಕದೇ ಕಷ್ಟ ಅಂದರೆ ಯಾರೂ ನಂಬುವುದಿಲ್ಲ. ಭಾನುವಾರ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಲಾಟ್‌ನಲ್ಲಿ ಅಭ್ಯಾಸ ಮಾಡಿ ನೋಡಿ.

ಹೆಜ್ಜೆ 5: ಎಷ್ಟು ದೂರ, ಎಂಥ ರಸ್ತೆ?

ಮನೆಯಿಂದ ಹತ್ತು ಮೈಲಿಯ ಕೆರೆಗೆ, ಊರೊಳಗಿನ ರಸ್ತೆಯಲ್ಲಿ ಹೋಗಿ ಬರುವವರಿಗೆ ಈ ಹೆಜ್ಜೆ ಬೇಡ. ವರ್ಷಕ್ಕೆ ಮೂರು ನಾಲ್ಕು ಸಲ ಹೈವೇ ಹತ್ತುವವರು ಓದಿ.

ಟ್ರೇಲರ್‌ನ ಬಾಲ ಅಲ್ಲಾಡುವುದನ್ನು ಒಂದು ಸಲ ಅನುಭವಿಸಿದವರು ಮರೆಯುವುದಿಲ್ಲ. ಲಾರಿ ಪಕ್ಕದಲ್ಲಿ ಹೋದಾಗ ಗಾಳಿ ತಳ್ಳುತ್ತದೆ, ಟ್ರೇಲರ್ ಎಡಕ್ಕೆ ಬಲಕ್ಕೆ ಆಡತೊಡಗುತ್ತದೆ, ಒಂದೊಂದು ಸಲಕ್ಕೂ ಆಟ ಹೆಚ್ಚುತ್ತದೆ. ಮೂತಿ ಭಾರ ಕಡಿಮೆ ಇದ್ದರೆ ಇದು ಬೇಗ ಶುರುವಾಗುತ್ತದೆ. ಟ್ಯಾಂಡಮ್‌ನಲ್ಲಿ ಆಕ್ಸಲ್‌ಗಳು ಒಂದರಿಂದ ಒಂದು ದೂರ ಇರುವುದರಿಂದ, ಡ್ರೈವ್‌ವೇಯಲ್ಲಿ ಕಾಟ ಕೊಟ್ಟ ಆ ಹಟವೇ ಇಲ್ಲಿ ಕಾಪಾಡುತ್ತದೆ. ಸುಲಭಕ್ಕೆ ಅಡ್ಡ ತಿರುಗುವುದಿಲ್ಲ. ಗುಂಡಿ ಬಂದರೂ ಒಂದು ಆಕ್ಸಲ್ ಇಳಿಯುವಾಗ ಇನ್ನೊಂದು ಮೇಲಿರುತ್ತದೆ, ಬೋಟು ಅಷ್ಟು ಕುಕ್ಕರಿಸುವುದಿಲ್ಲ. ಚಳಿಗಾಲ ಕಳೆದ ಮಿಶಿಗನ್ ರಸ್ತೆಗಳ ಬಗ್ಗೆ ಇಲ್ಲಿರುವವರಿಗೆ ಹೇಳಬೇಕಾ?

ಬಾಲ ಅಲ್ಲಾಡಿದರೆ ಬ್ರೇಕ್ ಒತ್ತಿಹಿಡಿಯಬೇಡಿ, ಸ್ಟಿಯರಿಂಗ್ ಎಳೆದಾಡಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟಿಯರಿಂಗ್ ನೆಟ್ಟಗೆ ಹಿಡಿದು ವೇಗ ತಾನಾಗಿ ಇಳಿಯಲು ಬಿಡಿ. ಮತ್ತೆ ಮತ್ತೆ ಹೀಗಾದರೆ ಮೂತಿ ಭಾರ ಅಳೆಯಿರಿ.

ಟೈರ್ ಸಿಡಿದರೆ? ಸಿಂಗಲ್‌ನಲ್ಲಿ ಆ ಕಡೆ ಬೇರೆ ಚಕ್ರವೇ ಇಲ್ಲ, ನಿಂತಲ್ಲೇ ನಿಲ್ಲಬೇಕು. ಟ್ಯಾಂಡಮ್‌ನಲ್ಲಿ ಪಕ್ಕದ ಚಕ್ರ ಸ್ವಲ್ಪ ಹೊತ್ತು ಭಾರ ಹೊತ್ತುಕೊಳ್ಳುತ್ತದೆ. ನಿಧಾನವಾಗಿ ಸುರಕ್ಷಿತ ಜಾಗ ತಲುಪಬಹುದು. ಅದು ಕೂಡ ಮಿತಿ ಮೀರಿ ಹೊರುತ್ತಿರುತ್ತದೆ ಅನ್ನುವುದು ನೆನಪಿರಲಿ, ಮುಂದಿನ ಊರಿನ ತನಕ ಅಂತ ಎಳೆಯಬೇಡಿ. ಜ್ಯಾಕ್ ಕೂಡ ಬೇಕಾಗದೆ ಇರಬಹುದು: ಚೆನ್ನಾಗಿರುವ ಚಕ್ರವನ್ನು ದಪ್ಪ ಹಲಗೆಗಳ ಮೇಲೆ ಹತ್ತಿಸಿದರೆ ಕೆಟ್ಟ ಚಕ್ರ ನೆಲ ಬಿಡುತ್ತದೆ. ಬೇ ಸಿಟಿಯ ಹತ್ತಿರ ನಿಂತ ಆ ಎರಡು ಗಂಟೆ ನೆನೆಸಿಕೊಂಡರೆ, ನನಗೆ ಇದೊಂದೇ ಸಾಕು ಟ್ಯಾಂಡಮ್ ಕೊಳ್ಳಲು.

ಟೋಲ್ ಬಗ್ಗೆ ಒಂದು ಮಾತು. ಮ್ಯಾಕಿನಾ ಸೇತುವೆಯಂಥ ಕಡೆ ಆಕ್ಸಲ್ ಎಣಿಸಿ ದುಡ್ಡು ತಗೊಳ್ಳುತ್ತಾರೆ. ಟ್ಯಾಂಡಮ್‌ಗೆ ಒಂದು ಆಕ್ಸಲ್ ಜಾಸ್ತಿ. ವರ್ಷಕ್ಕೊಮ್ಮೆ ಹೋಗುವವರಿಗೆ ಇದು ಲೆಕ್ಕಕ್ಕಿಲ್ಲ.

ಹೆಜ್ಜೆ 6: ಬ್ರೇಕ್

ಎಷ್ಟು ತೂಕಕ್ಕೆ ಟ್ರೇಲರ್‌ಗೆ ಬ್ರೇಕ್ ಇರಲೇಬೇಕು ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 1,500 ಪೌಂಡ್, ಮಿನೆಸೊಟಾದಲ್ಲಿ 3,000, ಟೆಕ್ಸಸ್‌ನಲ್ಲಿ 4,500. ನಿಮ್ಮ ರಾಜ್ಯದ್ದು ನೋಡಿಕೊಳ್ಳಿ. ಹೋಗುವ ರಾಜ್ಯದ್ದನ್ನೂ ನೋಡಿ. ಕಾನೂನಿಗಿಂತ ಮುಂಚೆ ಕಾರಿನ ಪುಸ್ತಕವೇ ಸಾವಿರ ಪೌಂಡ್ ಆಸುಪಾಸಿನಲ್ಲಿ ಬ್ರೇಕ್ ಬೇಕು ಅಂದಿರಬಹುದು. ಟ್ಯಾಂಡಮ್ ಕೊಳ್ಳುವಾಗ ಎರಡೂ ಆಕ್ಸಲ್‌ಗೆ ಬ್ರೇಕ್ ಇದೆಯಾ ಅಂತ ನೋಡಿ. ದುಡ್ಡು ಉಳಿಸಲು ಒಂದಕ್ಕೆ ಮಾತ್ರ ಹಾಕಿರುವುದು ಉಂಟು.

ಬೋಟ್ ಟ್ರೇಲರ್‌ಗಳಲ್ಲಿ ಹೆಚ್ಚಾಗಿ ಇರುವುದು ಸರ್ಜ್ ಬ್ರೇಕ್. ಕಾರು ನಿಧಾನವಾದಾಗ ಟ್ರೇಲರ್ ಮುಂದಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಯೇ ಮೂತಿಯಲ್ಲಿರುವ ಸಿಲಿಂಡರ್ ಒತ್ತಿ ಬ್ರೇಕ್ ಹಾಕುತ್ತದೆ. ಜಾಣ ಉಪಾಯ. ತೊಂದರೆ ಬರುವುದು ರಿವರ್ಸ್‌ನಲ್ಲಿ. ಹಿಂದಕ್ಕೆ ತಳ್ಳಿದಾಗಲೂ ಅದೇ ಸಿಲಿಂಡರ್ ಒತ್ತಿ ಬ್ರೇಕ್ ಕಚ್ಚಿಕೊಳ್ಳುತ್ತದೆ. ಡಿಸ್ಕ್ ಬ್ರೇಕ್ ಇದ್ದರೆ ಅದನ್ನು ತಡೆಯಲು ರಿವರ್ಸ್ ಲೈಟಿಗೆ ಸೇರಿದ ಐದನೇ ತಂತಿ ಬೇಕು. ನಾಲ್ಕು ಪಿನ್ನಿನ ಪ್ಲಗ್‌ನಲ್ಲಿ ಅದು ಇರುವುದಿಲ್ಲ. ಹೊಸ ಟ್ರೇಲರ್ ತಂದು ಡ್ರೈವ್‌ವೇ ಏರಿನಲ್ಲಿ "ಹಿಂದಕ್ಕೆ ಹೋಗ್ತಾನೇ ಇಲ್ಲ" ಅಂತ ಫೋನ್ ಮಾಡಿದವರಿಗೆ ನಾನು ಮೊದಲು ಕೇಳುವುದು, ಎಷ್ಟು ಪಿನ್ನು?

ಹೆಜ್ಜೆ 7: ವರ್ಷ ವರ್ಷದ ಖರ್ಚು

ಟ್ಯಾಂಡಮ್‌ಗೆ ಎಲ್ಲ ಎರಡರಷ್ಟು. ಟೈರು ನಾಲ್ಕು, ಬೇರಿಂಗಿನ ಹಬ್ (ಚಕ್ರದ ನಡುವಿನ ಭಾಗ) ನಾಲ್ಕು, ಬ್ರೇಕು ನಾಲ್ಕು. ಬೋಟ್ ಟ್ರೇಲರ್ ಟೈರು ಸವೆದು ಹಾಳಾಗುವುದಿಲ್ಲ, ವಯಸ್ಸಾಗಿ ಹಾಳಾಗುತ್ತದೆ. ಐದಾರು ವರ್ಷಕ್ಕೆ ಹಲ್ಲು ಎಷ್ಟೇ ಚೆನ್ನಾಗಿದ್ದರೂ ಬದಲಾಯಿಸಿ.

ಊರಲ್ಲಿ ಗಾಡಿಗೆ ಕೀಲೆಣ್ಣೆ ಹಾಕುತ್ತಿದ್ದರಲ್ಲ, ಅದರ ಕೆಲಸವನ್ನೇ ಇಲ್ಲಿ ಗ್ರೀಸ್ ಮಾಡುತ್ತದೆ. ಬೋಟ್ ಟ್ರೇಲರ್‌ಗೆ ಒಂದು ಶಾಪ ಇದೆ. ಹೈವೇಯಲ್ಲಿ ಓಡಿ ಬಂದ ಹಬ್ ಬಿಸಿಯಾಗಿರುತ್ತದೆ. ತಕ್ಷಣ ತಣ್ಣನೆ ಕೆರೆಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಗ್ರೀಸು ಹಾಲು ಬೆರೆತ ಹಾಗೆ ಬಿಳಿಚಿಕೊಂಡರೆ ನೀರು ಹೊಕ್ಕಿದೆ ಅಂತ ಅರ್ಥ. ರ‍್ಯಾಂಪ್ ಹತ್ತಿರ ಹದಿನೈದು ಇಪ್ಪತ್ತು ನಿಮಿಷ ನಿಂತು, ಅಷ್ಟರಲ್ಲಿ ಸಾಮಾನು ಜೋಡಿಸಿ, ಆಮೇಲೆ ಇಳಿಸಿ. ವರ್ಷಕ್ಕೊಮ್ಮೆ ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಿಸಿ. ಸಿಂಗಲ್‌ಗೆ ಒಂದು ಮಧ್ಯಾಹ್ನದ ಕೆಲಸ, ಟ್ಯಾಂಡಮ್‌ಗೆ ಒಂದು ದಿನ. ಫ್ಲೋರಿಡಾ, ನ್ಯೂಜೆರ್ಸಿ ಕಡೆ ಉಪ್ಪುನೀರಿಗೆ ಇಳಿಸುವವರು ಪ್ರತಿ ಸಲವೂ ಬ್ರೇಕನ್ನೂ ಹಬ್ಬನ್ನೂ ಸಿಹಿನೀರಿನಿಂದ ತೊಳೆಯಬೇಕು. ಪೇಂಟ್ ಹೊಡೆದ ಕಬ್ಬಿಣ ಬೇಡ, ಗ್ಯಾಲ್ವನೈಸ್ಡ್ ಅಥವಾ ಅಲ್ಯೂಮಿನಿಯಂ ತಗೊಳ್ಳಿ.

ಹೆಜ್ಜೆ 8: ಟ್ಯಾಂಡಮ್ ಅಂತ ಆದರೆ ಮಟ್ಟ ಸರಿ ಮಾಡಿ

ಇದನ್ನು ಯಾರೂ ಹೇಳುವುದಿಲ್ಲ. ಟ್ಯಾಂಡಮ್‌ನಲ್ಲಿ ಎರಡು ಬಗೆಯ ಸಸ್ಪೆನ್ಷನ್ ಇದೆ. ಪಟ್ಟಿ ಸ್ಪ್ರಿಂಗಿನದಾದರೆ ಎರಡರ ನಡುವೆ ಒಂದು ಈಕ್ವಲೈಸರ್ ಇರುತ್ತದೆ. ತಕ್ಕಡಿಯ ದಂಡದ ಹಾಗೆ ಅತ್ತಿತ್ತ ವಾಲಿ ಭಾರ ಹಂಚುತ್ತದೆ. ಟಾರ್ಷನ್ ಆಕ್ಸಲ್ (ಸ್ಪ್ರಿಂಗಿನ ಬದಲು ಒಳಗಿನ ರಬ್ಬರು ಭಾರ ತಾಳುವಂಥದ್ದು) ಆದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಟ್ರೇಲರ್ ಮೂತಿ ಎತ್ತಿಕೊಂಡಿದ್ದರೆ ಹಿಂದಿನ ಆಕ್ಸಲ್, ತಗ್ಗಿದ್ದರೆ ಮುಂದಿನ ಆಕ್ಸಲ್ ಭಾರದ ಹೆಚ್ಚಿನ ಪಾಲು ಹೊರುತ್ತದೆ. ಎರಡು ಆಕ್ಸಲ್‌ಗೆ ದುಡ್ಡು ಕೊಟ್ಟು ಒಂದರ ಮೇಲೆ ಓಡಿಸಿದ ಹಾಗೆ.

ಟ್ರೇಲರನ್ನು ಸಪಾಟು ಜಾಗದಲ್ಲಿ ಮಟ್ಟಸವಾಗಿ ನಿಲ್ಲಿಸಿ, ನೆಲದಿಂದ ಮೂತಿಯ ಬಟ್ಟಲಿನ ಎತ್ತರ ಅಳೆಯಿರಿ. ಕಾರಿನ ಹಿಚ್ ಬಾಲ್‌ನ ತುದಿಯ ಎತ್ತರ ಅಳೆಯಿರಿ. ಮೂತಿ ಭಾರ ಬಿದ್ದಾಗ ಕಾರು ಒಂದೆರಡು ಇಂಚು ಕುಸಿಯುತ್ತದೆ, ಅಷ್ಟನ್ನು ಬಾಲ್‌ನ ಎತ್ತರದಿಂದ ಕಳೆಯಿರಿ. ವ್ಯತ್ಯಾಸಕ್ಕೆ ತಕ್ಕ ಹಾಗೆ ತಗ್ಗಿದ ಅಥವಾ ಏರಿದ ಬಾಲ್ ಮೌಂಟ್ (ಹಿಚ್ ಬಾಲ್ ಕೂರಿಸುವ ತೋಳು) ಸಿಗುತ್ತದೆ. ದೊಡ್ಡ ಖರ್ಚೇನಲ್ಲ.

ಹೆಜ್ಜೆ 9: ನನ್ನ ಸಲಹೆ ಕೇಳುವುದಾದರೆ

14-16 ಅಡಿಯ ಅಲ್ಯೂಮಿನಿಯಂ ಬೋಟು, ಜೆಟ್ ಸ್ಕೀ: ಸಿಂಗಲ್. ಟ್ಯಾಂಡಮ್ ಹಾಕಿದರೆ ಬರೀ ಶೋಕಿ.

21-22 ಅಡಿಯ ಫೈಬರ್‌ಗ್ಲಾಸ್ ಬೋಟು, ಮೂರು ಟ್ಯೂಬಿನ ಪಾಂಟೂನ್ (ಕೊಳವೆಗಳ ಮೇಲೆ ತೇಲುವ ಸಪಾಟು ಬೋಟು): ಟ್ಯಾಂಡಮ್. ಚೌಕಾಸಿ ಬೇಡ.

18-20 ಅಡಿ, ಒಟ್ಟು ತೂಕ 3,000ದಿಂದ 4,500: ವರ್ಷವೆಲ್ಲ ಊರಿನ ಕೆರೆ, ಗ್ಯಾರೇಜಿನಲ್ಲಿ ನಿಲ್ಲಿಸುವುದು ಅಂದರೆ 5,000ದ ಸಿಂಗಲ್ ಆಕ್ಸಲ್, ಬ್ರೇಕ್ ಸಮೇತ. ಬೇಸಿಗೆಯಲ್ಲಿ ನೂರಾರು ಮೈಲಿ ಉತ್ತರಕ್ಕೆ ಹೋಗುವವರು, ಕಾರಿಗೆ ಶಕ್ತಿ ಇದ್ದರೆ, ಟ್ಯಾಂಡಮ್. ನಾನು ಕೊನೆಗೆ ಬದಲಾಯಿಸಿದ್ದು ಅದಕ್ಕೇ. ಗ್ಯಾರೇಜ್ ಬಿಟ್ಟು ಸ್ಟೋರೇಜ್ ಬಾಡಿಗೆ ಕಟ್ಟುತ್ತಿದ್ದೇನೆ, ನಿಜ. ಮನೆಯಲ್ಲಿ ಅದರ ಬಗ್ಗೆ ಇನ್ನೂ ಮಾತು ಬರುತ್ತದೆ.

ಹೆಜ್ಜೆ 10: ಸೆಕೆಂಡ್‌ಹ್ಯಾಂಡ್ ಆದರೆ ಬಗ್ಗಿ ನೋಡಿ

ಟೈರಿನ ಪಕ್ಕದಲ್ಲಿ ಡಾಟ್ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಹುಡುಕಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಈ ಗುರುತು ಒಳಬದಿಗೆ ಇರಬಹುದು, ನೆಲಕ್ಕೆ ಮಲಗಿಯೇ ನೋಡಬೇಕು. ಎಸ್‌ಟಿ ಅಂತ ಇಲ್ಲದೆ ಕಾರಿನ ಟೈರ್ ಹಾಕಿದ್ದರೆ ಬದಲಾಯಿಸುವ ಖರ್ಚು ಕಳೆದು ಬೆಲೆ ಹೇಳಿ.

ಜ್ಯಾಕ್ ಹಾಕಿ ಒಂದೊಂದೇ ಚಕ್ರ ಎತ್ತಿಸಿ. ಕೈಯಿಂದ ತಿರುಗಿಸಿದರೆ ಸದ್ದಿಲ್ಲದೆ ತಿರುಗಬೇಕು. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬಾರದು. ಟ್ಯಾಂಡಮ್‌ನಲ್ಲಿ ನಾಲ್ಕನ್ನೂ ನೋಡಿ, ಎರಡು ನೋಡಿ ಸಾಕು ಅನ್ನಬೇಡಿ. ನಾಲ್ಕು ಟೈರಲ್ಲಿ ಒಂದು ಮಾತ್ರ ಒಂದು ಅಂಚಿಗೆ ಸವೆದಿದ್ದರೆ ಆಕ್ಸಲ್ ಬಾಗಿರಬಹುದು. ಬೋಟಿನ ಹಿಂಬದಿ, ಇಂಜಿನ್ ನೇತಾಡುವ ಜಾಗ, ಟ್ರೇಲರ್‌ನ ಮರದ ಹಲಗೆಯ ಕೊನೆಯ ತನಕ ಕೂತಿದೆಯಾ ನೋಡಿ. ಅದು ಗಾಳಿಯಲ್ಲಿದ್ದರೆ ಆ ಟ್ರೇಲರ್ ಬೇರೆ ಯಾವುದೋ ಬೋಟಿನದು.

ಕೊಂಡ ಮೇಲೆ ಮೊದಲ ಸಲ ಹೊರಡುವ ದಿನ, ಟೈರ್ ತಣ್ಣಗಿರುವಾಗಲೇ ಪಕ್ಕದಲ್ಲಿ ಬರೆದಷ್ಟು ಪೂರ್ತಿ ಗಾಳಿ ತುಂಬಿ. ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಟ್ರೇಲರ್ ಪುಸ್ತಕದಲ್ಲಿ ಹೇಳಿದಷ್ಟು ಬಿಗಿ ಮಾಡಿ. ಸ್ಟೆಪ್ನಿ, ಅದಕ್ಕೆ ಹೊಂದುವ ಸ್ಪ್ಯಾನರ್, ಟ್ರೇಲರ್ ಕೆಳಗೆ ತೂರುವ ಜ್ಯಾಕ್, ಎರಡು ದಪ್ಪ ಹಲಗೆ ಕಾರಿಗೆ ಹಾಕಿಕೊಳ್ಳಿ. ಹತ್ತು ಮೈಲಿ ಓಡಿಸಿ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ. ಪ್ರತಿ ಹಬ್ಬಿನ ಹತ್ತಿರ ಅಂಗೈ ಹಿಡಿದು ನೋಡಿ, ಆಮೇಲೆ ಮೆಲ್ಲಗೆ ಮುಟ್ಟಿ. ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಕೈ ಇಡಲಾಗದಷ್ಟು ಸುಡುತ್ತಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. 50 ಮೈಲಿ ಆದ ಮೇಲೆ ಇನ್ನೊಂದು ಸಲ ನಿಲ್ಲಿಸಿ, ನಟ್ಟುಗಳನ್ನು ಮತ್ತೆ ಬಿಗಿ ಮಾಡಿ. ಹೊಸ ಚಕ್ರದವು ಸ್ವಲ್ಪ ಸಡಿಲ ಆಗಿರಬಹುದು.